ಸುಲ್ತಾನರ ಹೂಮೀನು, ಅಂಗಡಿಯ ಫೈಟರ್

1801ರ ಆರಂಭದಲ್ಲಿ ಕುಂದಾಪುರಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಎಲ್ಲದರಲ್ಲೂ ಮೂಗು ತೂರಿಸುವವ. ಟಿಪ್ಪು ಸತ್ತು ಎರಡು ವರ್ಷ ತುಂಬಿರಲಿಲ್ಲ. ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನು ಬೆಳೆಯುತ್ತಾರೆ, ಯಾವ ಗದ್ದೆಗೆ ಎಷ್ಟು ಬೀಜ, ಯಾವ ಬಂದರಿನಲ್ಲಿ ಏನು ವ್ಯಾಪಾರ ಎಂದು ನೋಡಿ ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಕಳಿಸಿದ್ದ. ಆ ತಿರುಗಾಟದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಅಚ್ಚಾಯಿತು. ಅದರ ಕುಂದಾಪುರದ ಪುಟಗಳಲ್ಲಿ ಭತ್ತ, ತೆಂಗು, ಬಂದರುಗಳ ನಡುವೆ ಒಂದು ಮೀನೂ ಬರುತ್ತದೆ. ಅದು ಸಿಹಿನೀರಿನ ಕೊಳದಲ್ಲಿದ್ದ ಹೂಮೀನು. ಟಿಪ್ಪುವಿನ ಊಟಕ್ಕೆ ಮೀಸಲಾಗಿದ್ದ ಮೀನು ಇದು ಎಂದು ಮುಂದಿನ ಬ್ರಿಟಿಷ್ ಬರಹಗಳೂ ಹೇಳಿಕೊಂಡು ಬಂದವು.

ಒಂದು ಕೆರೆ, ಒಂದು ಜಾತಿಯ ಮೀನು, ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಕಡಲಿನ ಮೀನಿಗೆ ಬರವೇ ಇಲ್ಲದ ಊರಿನಲ್ಲಿ ಇಂಥ ವ್ಯವಸ್ಥೆ ಏಕೆ ಬೇಕಾಯಿತು?

ಉತ್ತರದ ಸುಳಿವು ಸಿಕ್ಕಿದ್ದು ಸುಮಾರು ಮುಕ್ಕಾಲು ಶತಮಾನದ ಬಳಿಕ. ಮದರಾಸು ಸೇನೆಯ ವೈದ್ಯನಾಗಿದ್ದು, ಮುಂದೆ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದ ಫ್ರಾನ್ಸಿಸ್ ಡೇ 1875ರಿಂದ 1878ರ ತನಕ ಕಂತುಕಂತಾಗಿ ಭಾರತದ ಮೀನುಗಳ ಕುರಿತ ತನ್ನ ದೊಡ್ಡ ಗ್ರಂಥವನ್ನು ಹೊರತಂದ. ಹೂಮೀನಿನ ವಿವರ ಬರೆಯುವಾಗ ಟಿಪ್ಪುವಿನ ತಂದೆ ಹೈದರ್ ಇದನ್ನು ದಕ್ಷಿಣ ಕನ್ನಡದ ಸಿಹಿನೀರಿನ ಕೆರೆಗಳಿಗೆ ತಂದು ಬಿಟ್ಟಿದ್ದ, ಅಲ್ಲಿ ಅದು ಚೆನ್ನಾಗಿಯೇ ನೆಲೆಯೂರಿತು ಎಂದು ಸೇರಿಸಿದ. ಹೈದರನ ಕೈಗೆ ಬಿದನೂರು ಬಂದದ್ದು 1763ರಲ್ಲಿ. ಬಿದನೂರಿನ ಅರಸರ ಬಂದರಾಗಿದ್ದ ಕುಂದಾಪುರವೂ ಅದರೊಂದಿಗೇ ಬಂತು. ಅಂದರೆ ಹೂಮೀನಿನ ಕೆರೆಗೆ ಕಡಿಮೆಯೆಂದರೂ ಎರಡು ಶತಮಾನಕ್ಕೆ ಮೀರಿದ ವಯಸ್ಸು. ಸಾಕುಮೀನಿನ ಚರಿತ್ರೆಯಲ್ಲಿ ಕರಾವಳಿಯ ಈ ಮೂಲೆಗೆ ಇಷ್ಟು ಹಿಂದಿನ ಲಿಖಿತ ದಾಖಲೆ ಇದೆ ಎಂಬುದು ಇಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ.

ಹೂಮೀನು ಅಸಲಿಗೆ ಕಡಲಿನದು. ವಿಜ್ಞಾನಿಗಳು ಚಾನೋಸ್ ಎನ್ನುವ, ಇಂಗ್ಲಿಷಿನವರು ಹಾಲುಮೀನು ಎನ್ನುವ ಇದನ್ನು ಮೊದಲು ವರ್ಣಿಸಿದ್ದು ಕೆಂಪು ಸಮುದ್ರದ ದಂಡೆಯಲ್ಲಿ ಓಡಾಡಿದ ಪೀಟರ್ ಫೋರ್ಸ್ಕಾಲ್. ಆತ 1763ರಲ್ಲಿ ಯೆಮೆನ್‌ನಲ್ಲೇ ತೀರಿಕೊಂಡ. ಅವನ ಟಿಪ್ಪಣಿಗಳು 1775ರಲ್ಲಿ ಪುಸ್ತಕವಾದವು. ಬೆಳ್ಳಿ ಮೈ, ಆಳವಾಗಿ ಕವಲೊಡೆದ ಬಾಲ, ಹಲ್ಲೇ ಇಲ್ಲದ ಪುಟ್ಟ ಬಾಯಿ. ಬೇಟೆಯಾಡುವ ಮೀನಲ್ಲ, ಪಾಚಿ ಮೇಯುವ ಮೀನು. ಮೊಟ್ಟೆ ಇಡುವುದು ಕಡಲಿನಲ್ಲಿ. ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ ಮರಿಗಳು ಅಲೆಯೊಂದಿಗೆ ಅಳಿವೆಗೆ ಬರುತ್ತವೆ. ಗಾಜಿನ ಎಳೆಯಂತೆ ಪಾರದರ್ಶಕವಾದ ಆ ಮರಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಎರಡು ಕಪ್ಪು ಕಣ್ಣು ಮಾತ್ರ. ಹಿನ್ನೀರಿನಲ್ಲಿ ಮೇದು ಕೊಬ್ಬಿ ಅವು ಮತ್ತೆ ಕಡಲಿಗೆ ಮರಳುತ್ತವೆ. ಉಪ್ಪು ನೀರು, ಅರೆ ಉಪ್ಪು, ಪೂರಾ ಚಪ್ಪೆ, ಯಾವುದಾದರೂ ಸೈ ಎನ್ನುವ ದೇಹ. ಆದರೆ ಚಪ್ಪೆ ನೀರಿನಲ್ಲಿ ಅದು ಬೆಳೆಯುತ್ತದೆಯೇ ಹೊರತು ಸಂತಾನ ಮಾಡುವುದಿಲ್ಲ.

ಈ ಕಡೆಯ ಮಾತಿನಲ್ಲೇ ಕೆರೆಯ ಗುಟ್ಟಿದೆ. ಮರಿ ಹಾಕದ ಮೀನು ಕೆರೆಯಲ್ಲಿ ಉಳಿಯಬೇಕಾದರೆ ಹೊಸ ಮರಿ ಹೊರಗಿನಿಂದ ಬರುತ್ತಲೇ ಇರಬೇಕು. ಮಳೆಗಾಲದ ನೆರೆಯಲ್ಲಿ ಹೊಳೆಗೂ ಕೆರೆಗೂ ತೋಡಿನ ಸಂಪರ್ಕವಾಗಿ ತಾವಾಗಿಯೇ ಹತ್ತಿ ಬರಬಹುದು. ಇಲ್ಲವಾದರೆ ಯಾರೋ ಅಳಿವೆಯ ಅಂಚಿನಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು, ಮಡಕೆಯಲ್ಲಿ ತುಂಬಿ, ಹೊತ್ತು ತಂದು ಬಿಡಬೇಕು. ಹೊಳೆಯಿಂದ ಹಿಡಿದ ಮೀನಿನ ಮರಿಗಳನ್ನು ಮಡಕೆಯಲ್ಲಿ ಸಾಗಿಸುವ ಕಸುಬು ಬಂಗಾಳದಲ್ಲಿ ತೀರಾ ಇತ್ತೀಚಿನವರೆಗೂ ಇತ್ತು. ಹೆಗಲ ಅಡ್ಡೆಗೆ ತೂಗುಹಾಕಿದ ಮಣ್ಣಿನ ಗಡಿಗೆಗಳನ್ನು ಹೊತ್ತವರು ನಡಿಗೆಯ ಲಯದಲ್ಲೇ ನೀರನ್ನು ಕುಲುಕುತ್ತ ಹೋಗುತ್ತಿದ್ದರು. ನಿಂತಾಗ ಕೈಯಿಂದ ಕುಲುಕುತ್ತಿದ್ದರು. ಕುಲುಕಿದಷ್ಟೂ ನೀರಿಗೆ ಗಾಳಿ ಸೇರುತ್ತದೆ. ಇವತ್ತು ಅಕ್ವೇರಿಯಮ್ಮಿನ ಮೂಲೆಯಲ್ಲಿ ಗುಳುಗುಳು ಎನ್ನುವ ಪಂಪು ಮಾಡುವುದೂ ಇದೇ ಕೆಲಸ.

ಮರಿ ತಂದರೆ ಮುಗಿಯಲಿಲ್ಲ. ಅಳಿವೆಯ ನೀರಿನಿಂದ ಕೆರೆಯ ನೀರಿಗೆ ಒಮ್ಮೆಗೇ ಸುರಿದರೆ ಎಂಥ ಗಟ್ಟಿ ಮೀನೂ ಬಳಲುತ್ತದೆ. ಮೀನಿನ ಮೈಯೊಳಗಿನ ಉಪ್ಪಿಗೂ ಹೊರಗಿನ ನೀರಿನ ಉಪ್ಪಿಗೂ ಸದಾ ಜಗ್ಗಾಟ. ಉಪ್ಪು ನೀರಿನಲ್ಲಿ ಮೈಯ ನೀರು ಹೊರಗೆ ಹೋಗುತ್ತದೆ, ಚಪ್ಪೆ ನೀರಿನಲ್ಲಿ ಹೊರಗಿನ ನೀರು ಮೈಯೊಳಗೆ ನುಗ್ಗುತ್ತದೆ. ಕಿವಿರು, ಮೂತ್ರಪಿಂಡಗಳು ತಮ್ಮ ಕೆಲಸವನ್ನೇ ತಿರುಗುಮುರುಗು ಮಾಡಿಕೊಳ್ಳಲು ಹೊತ್ತು ಬೇಕು. ಹಳೆಯ ನೀರಿಗೆ ಹೊಸ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಒಗ್ಗಿಸುವುದು ಮೀನು ಸಾಕುವವರ ಮೊದಲ ಪಾಠ. ಕೆರೆಗೂ ಅದೇ, ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಗೂ ಅದೇ.

ಕುಂದಾಪುರದವರಿಗೆ ಈ ಪಾಠ ಹೊಸತಾಗಿರಲಿಕ್ಕಿಲ್ಲ. ಊರಿನ ಮೂರು ಬದಿಗೂ ನೀರು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕೀ ಹೊಳೆಗಳು ಒಟ್ಟುಗೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಭರತ ಬಂದಾಗ ಉಪ್ಪು ಮೇಲಕ್ಕೆ, ಇಳಿತಕ್ಕೆ ಚಪ್ಪೆ ಕೆಳಕ್ಕೆ. ಮಳೆಗಾಲದಲ್ಲಿ ಹೊಳೆ ಅಳಿವೆಯ ತನಕ ಸಿಹಿಯಾಗಿ ಹರಿದರೆ, ಬೇಸಿಗೆಯಲ್ಲಿ ಉಪ್ಪು ಮೈಲುಗಟ್ಟಲೆ ಒಳಗೆ ಬಂದು ಕೂರುತ್ತದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಗದ್ದೆಗೆ ಉಪ್ಪು ನುಗ್ಗದಂತೆ ಕಟ್ಟ ಹಾಕುವುದು, ಹಲಗೆ ಇಳಿಸುವುದು, ಮಳೆ ಬಂದಾಗ ಎತ್ತುವುದು, ಇದೆಲ್ಲ ಇಲ್ಲಿನ ಬೇಸಾಯಗಾರನ ವಾರ್ಷಿಕ ಕೆಲಸ. ಕಿಂಡಿ ಅಣೆಕಟ್ಟುಗಳು ಇದೇ ಕೆಲಸವನ್ನು ಸಿಮೆಂಟಿನಲ್ಲಿ ಮಾಡುತ್ತವೆ.

ಹೈದರನ ಪ್ರಯೋಗಕ್ಕೆ ಮುಂದೆ ಸರಕಾರಿ ಮುದ್ರೆಯೂ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ತಾಲೂಕು ಮದರಾಸಿನಲ್ಲೇ ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಡರಿಕ್ ನಿಕೊಲ್ಸನ್ ಮುಂದಾಳುತನದಲ್ಲಿ ಹುಟ್ಟಿದ ಮದರಾಸಿನ ಮೀನುಗಾರಿಕಾ ಇಲಾಖೆ ಕಡಲಿನ ಕೆಲವು ಮೀನುಗಳನ್ನು ಒಳನಾಡಿನ ಕೆರೆಗಳಿಗೆ ಒಗ್ಗಿಸುವ ಕೆಲಸಕ್ಕೆ ಕೈಹಾಕಿತು. ಪಾಂಬನ್ ಬಳಿಯ ಕ್ರುಸಡೈ ದ್ವೀಪದ ಸುತ್ತ ಹೂಮೀನಿನ ಮರಿ ಹಿಡಿದು ಸಾಗಿಸುವುದು ಅದರ ಮುಖ್ಯ ಭಾಗ. ಜಾವಾದಲ್ಲೂ ಫಿಲಿಪ್ಪೀನ್ಸಿನಲ್ಲೂ ಶತಮಾನಗಳಿಂದ ಇದೇ ಮೀನನ್ನು ಕಡಲಂಚಿನ ಕೊಳಗಳಲ್ಲಿ ಸಾಕುತ್ತಿದ್ದಾರೆ. ಅಲ್ಲೂ ಬಹುಕಾಲ ಮರಿಗೆ ಕಡಲನ್ನೇ ಕಾಯಬೇಕಿತ್ತು. ಭಾರತದಲ್ಲಿ ಬಂಧನದಲ್ಲೇ ಮರಿ ಮಾಡಿಸುವುದು ಸಾಧ್ಯವಾದದ್ದು 2015ರಲ್ಲಿ, ಚೆನ್ನೈಯ ಕೇಂದ್ರೀಯ ಹಿನ್ನೀರು ಮೀನುಕೃಷಿ ಸಂಸ್ಥೆಯಲ್ಲಿ.

ತಿನ್ನಲೆಂದು ಸಾಕಿದ್ದು ಒಂದು ಬಗೆ. ತಿನ್ನಬಾರದೆಂದು ಕಾಯ್ದದ್ದು ಇನ್ನೊಂದು. ಬ್ರಹ್ಮಾವರ, ಬಾರಕೂರಿನ ಪಕ್ಕದಲ್ಲಿ ಹರಿಯುವ ಸೀತಾ ನದಿಯ ಮೇಲ್ಭಾಗದಲ್ಲಿ, ಹೆಬ್ರಿಯ ಕಡೆ ತಿಂಗಳೆ ಎಂಬಲ್ಲಿ ಮತ್ಸ್ಯಧಾಮವಿದೆ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಂತೆ ಇಲ್ಲೂ ನಂಬಿಕೆಯೇ ಬೇಲಿ. ಬಲೆ ಹಾಕುವಂತಿಲ್ಲ, ಗಾಳ ಇಳಿಸುವಂತಿಲ್ಲ. ಹರಿಯುವ ನೀರಾದ್ದರಿಂದ ಹೊಲಸು ನಿಲ್ಲುವುದಿಲ್ಲ. ಭಕ್ತರು ಎಸೆಯುವ ಅಕ್ಕಿ, ಮಂಡಕ್ಕಿ ಮೀನಿನ ಹೊಟ್ಟೆಗೆ ಎಷ್ಟು ಸೇರಿತು, ಎಷ್ಟು ಕೊಳೆಯಿತು ಎಂಬ ಲೆಕ್ಕವನ್ನು ಹೊಳೆಯೇ ತೀರಿಸುತ್ತದೆ. ಆದರೆ ನಂಬಿಕೆಯ ಬೇಲಿ ಮೀನನ್ನು ಕಾಯ್ದೀತು, ನೀರನ್ನು ಕಾಯುವುದು ಕಷ್ಟ. 1996ರಲ್ಲಿ ಶಿಶಿಲದಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು. ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು. ಅಲ್ಲಿ ಇವತ್ತು ಮೀನುಗಳಿಗೊಂದು ಸ್ಮಾರಕವಿದೆ.

ಮೂರನೆಯದು ಮನೆಯ ಮೀನು. ಗಾಜಿನ ತೊಟ್ಟಿ ಬರುವ ಮೊದಲು ಕರಾವಳಿಯ ಮನೆಯ ಮೀನು ಇದ್ದದ್ದು ಬಾವಿಯಲ್ಲಿ. ಕೊಡಪಾನ ಇಳಿದಾಗ ಚದುರಿ, ನೀರು ಸುಮ್ಮನಾದಾಗ ಮೇಲೆ ಬರುವ ನಾಲ್ಕಾರು ಮೀನು ಎಷ್ಟೋ ಬಾವಿಗಳಲ್ಲಿ ಇರುತ್ತಿದ್ದವು. ತೋಡಿನಿಂದ, ಮದಗದಿಂದ ಮಕ್ಕಳು ತಂದು ಬಿಟ್ಟವು ಕೆಲವು, ಹಿರಿಯರು ಬೇಕೆಂದೇ ಬಿಟ್ಟವು ಕೆಲವು. ನೆತ್ತಿಯ ಮೇಲೆ ಮಿನುಗುವ ಚುಕ್ಕೆ ಇರುವ ಒಂದು ಸಣ್ಣ ಮೀನು ನೀರಿನ ಮೇಲ್ಪದರದಲ್ಲೇ ಸುಳಿದಾಡುತ್ತ ಸೊಳ್ಳೆಮರಿ ಹೆಕ್ಕುತ್ತದೆ. ಕರಾವಳಿಯ ಹೊಂಡ, ತೋಡುಗಳಲ್ಲಿ ಈಗಲೂ ಸಿಗುವ ಅದರ ವೈಜ್ಞಾನಿಕ ಹೆಸರು ಆಪ್ಲೊಕೈಲಸ್.

ಸೊಳ್ಳೆಯ ಕೆಲಸವನ್ನು ಸರಕಾರ ವಹಿಸಿಕೊಂಡಾಗ ಮೀನು ಬದಲಾಯಿತು. ಅಮೆರಿಕ ಮೂಲದ ಗ್ಯಾಂಬೂಸಿಯಾ ಇಟಲಿಯ ಮೂಲಕ 1928ರಲ್ಲಿ ಭಾರತಕ್ಕೆ ಬಂತು; ಅದು ಮೊದಲು ಇಳಿದದ್ದು ಬೆಂಗಳೂರಿನಲ್ಲಿ. ದಕ್ಷಿಣ ಅಮೆರಿಕದ ಗಪ್ಪಿ ಅದಕ್ಕೂ ಹಿಂದೆಯೇ ಬಂದಿತ್ತು. ಕಟ್ಟಡ ಕೆಲಸದ ಭರಾಟೆಯೊಂದಿಗೆ ಮಂಗಳೂರು, ಉಡುಪಿ ಕಡೆ ಮಲೇರಿಯಾ ತಲೆಯೆತ್ತಿದ ಮೇಲೆ ಬಾವಿ, ತೊಟ್ಟಿಗಳಿಗೆ ಈ ಎರಡೂ ಮೀನುಗಳನ್ನು ಬಿಡುವುದು ಆರೋಗ್ಯ ಇಲಾಖೆಯ ಕಾರ್ಯಕ್ರಮವೇ ಆಯಿತು. ಎರಡೂ ಮೊಟ್ಟೆ ಇಡುವುದಿಲ್ಲ, ನೇರ ಮರಿಯನ್ನೇ ಹಾಕುತ್ತವೆ. ಹಾಗಾಗಿ ಬೇಗ ತುಂಬಿಕೊಳ್ಳುತ್ತವೆ. ಬಾವಿಯಲ್ಲಿ ಅದು ಗುಣ. ತಪ್ಪಿಸಿಕೊಂಡು ಹೊಳೆ ಸೇರಿದ ಗ್ಯಾಂಬೂಸಿಯಾ ಮಾತ್ರ ಊರ ಮೀನಿನ ಮೊಟ್ಟೆಮರಿಗಳನ್ನೂ ಕಪ್ಪೆಮರಿಗಳನ್ನೂ ಬಿಡುವುದಿಲ್ಲ.

ಬಾವಿ ಏಕೆ ಮೀನಿಗೆ ಒಗ್ಗಿತು ಎಂಬುದಕ್ಕೆ ಕಾರಣ ಕಲ್ಲಿನಲ್ಲಿದೆ. ಇಲ್ಲಿನ ಬಾವಿಗಳು ಹೆಚ್ಚಾಗಿ ಮುರಕಲ್ಲಿನವು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರು ಕೊಟ್ಟವನೂ ಬುಕಾನನ್ನೇ, ಮಲಬಾರಿನ ಅಂಗಾಡಿಪುರದಲ್ಲಿ ನೋಡಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಈ ಕಲ್ಲಿನ ಸುಣ್ಣದಂಶವನ್ನೆಲ್ಲ ಯಾವತ್ತೋ ತೊಳೆದು ಬಿಟ್ಟಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಆದ್ದರಿಂದ ಬಾವಿಯ ನೀರು ಮೆದು, ತುಸು ಹುಳಿ. ಕೆಲವೆಡೆ ಕೊಡದ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿಗೂ ಇದಕ್ಕೂ ಅಜಗಜಾಂತರ.

ನೀರಿನ ಗುಣಗಳಿಗೆ ದುಡ್ಡಿನ ಬೆಲೆ ಬಂದದ್ದು 1990ರ ದಶಕದಲ್ಲಿ, ಸಿಗಡಿಯೊಂದಿಗೆ. ಕುಂದಾಪುರ, ಬೈಂದೂರು ಕಡೆಯ ಹಿನ್ನೀರಿನ ಅಂಚಿನಲ್ಲಿ ಸಿಗಡಿ ಹೊಂಡಗಳು ಎದ್ದವು. ಆಮ್ಲಜನಕ, ಉಪ್ಪಿನಂಶ, ಪಿಎಚ್, ಅಮೋನಿಯಾ ಎಂಬ ಮಾತುಗಳು ಕಾಲೇಜಿನ ಪ್ರಯೋಗಾಲಯದಿಂದ ಹೊಂಡದ ದಂಡೆಗೆ ಬಂದವು. 1969ರಲ್ಲಿ ಮಂಗಳೂರಿನಲ್ಲಿ ಶುರುವಾಗಿದ್ದ ಮೀನುಗಾರಿಕಾ ಕಾಲೇಜಿನಲ್ಲಿ ಕಲಿತವರಿಗೆ ಹೊಂಡದ ಕೆಲಸ ಸಿಕ್ಕಿತು. ಸುಖ ಬಹಳ ದಿನ ಇರಲಿಲ್ಲ. 1994-95ರ ಹೊತ್ತಿಗೆ ಬಿಳಿಚುಕ್ಕೆ ರೋಗ ದೇಶದ ಕರಾವಳಿಗಳನ್ನು ಹೊಕ್ಕಿತು. ಒಂದು ಹೊಂಡದ ಕೊಳಕು ನೀರು ಹೊಳೆಗೆ, ಅದೇ ಹೊಳೆಯ ನೀರು ಪಕ್ಕದ ಹೊಂಡಕ್ಕೆ. ವೈರಸ್ಸಿಗೆ ಇದಕ್ಕಿಂತ ಸಲೀಸಾದ ದಾರಿ ಬೇಕಿರಲಿಲ್ಲ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕುವ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು.

ಹೊಂಡ ತೋಡದೆ, ಹೊಳೆಯಲ್ಲೇ ಮೀನಿಗೆ ಮನೆ ಮಾಡುವ ಪ್ರಯತ್ನ ಬೈಂದೂರಿನ ಪಕ್ಕದ ಉಪ್ಪುಂದದಲ್ಲಿ ನಡೆಯಿತು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದವರು ಅಲ್ಲಿನ ಮೀನುಗಾರ ಕುಟುಂಬಗಳಿಗೆ ಪಂಜರ ಕೃಷಿ ಕಲಿಸಿದರು. ಕಬ್ಬಿಣದ ಚೌಕಟ್ಟು, ತೇಲಲು ಪ್ಲಾಸ್ಟಿಕ್ ಡ್ರಮ್ಮು, ಕೆಳಗೆ ಇಳಿಬಿಟ್ಟ ಬಲೆಯ ಚೀಲ; ಒಳಗೆ ಸೀಬಾಸ್, ಕೆಂಬೇರಿ. ಭರತ ಇಳಿತಗಳೇ ದಿನಕ್ಕೆ ಎರಡೆರಡು ಸಲ ನೀರು ಬದಲಿಸುತ್ತವೆ, ಪಂಪಿನ ಖರ್ಚಿಲ್ಲ. ಬಲೆಯ ಕಣ್ಣಿಗೆ ಪಾಚಿ, ಚಿಪ್ಪು ಕಟ್ಟಿದರೆ ಮಾತ್ರ ನೀರು ಆಡುವುದಿಲ್ಲ, ಮೀನು ಉಸಿರುಗಟ್ಟುತ್ತದೆ. ಹಾಗಾಗಿ ಬಲೆ ಉಜ್ಜುವುದು ತಪ್ಪದ ಕೆಲಸ. ಜೂನಿನಲ್ಲಿ ಮಳೆ ಹಿಡಿದು ಹೊಳೆ ರಾತ್ರೋರಾತ್ರಿ ಚಪ್ಪೆಯಾಗುವ ಕಾಲಕ್ಕೆ ಪಂಜರದವರ ಎದೆ ಢವಗುಟ್ಟುತ್ತದೆ.

ಇನ್ನು ಗಾಜಿನ ತೊಟ್ಟಿ. ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೊರೆವಾಲಾ ಅಕ್ವೇರಿಯಂ ತೆರೆದದ್ದು 1951ರಲ್ಲಿ. ಹೋಟೆಲು ಕೆಲಸಕ್ಕೆ ಮುಂಬಯಿಗೆ ಹೋದ ಕುಂದಾಪುರ ಸೀಮೆಯವರ ಸಂಖ್ಯೆ ಸಣ್ಣದಲ್ಲ. ರಜೆಯ ದಿನ ನೋಡುವ ಜಾಗಗಳ ಪೈಕಿ ಅದೂ ಒಂದಾಗಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಮತ್ಸ್ಯಾಲಯ 1983ರಲ್ಲಿ ಬಂತು. ಬಂಗಾರದ ಮೀನು, ಏಂಜೆಲ್, ಗೌರಾಮಿಗಳು ಸಣ್ಣ ಊರಿಗೂ ಬರಲು ಕಾರಣವಾದದ್ದು ಪಾಲಿಥೀನ್ ಚೀಲ. ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ, ಬಾಯಿಗೆ ರಬ್ಬರ್ ಬ್ಯಾಂಡು. ಚೆನ್ನೈಯ ಕೊಳತ್ತೂರಿನಂಥ ಸಾಕಣೆ ಕೇಂದ್ರಗಳಿಂದ ಮೀನು ರೈಲು ಬಸ್ಸುಗಳನ್ನು ಹತ್ತಿತು.

ಆ ಚೀಲಗಳ ಪೈಕಿ ಅತಿ ಚಿಕ್ಕದರಲ್ಲಿ ಬಂದದ್ದು ಬೆಟ್ಟಾ, ಅಂಗಡಿಯವರ ಬಾಯಲ್ಲಿ ಫೈಟರ್. ಮೂಲ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ ಗದ್ದೆ, ಜೌಗು. ಗಂಡುಗಳನ್ನು ಕಾದಾಡಲು ಬಿಟ್ಟು ಪಂಥ ಕಟ್ಟುವುದು ಅಲ್ಲಿ ಹಳೆಯ ಚಟ. ಮನುಷ್ಯ ಇದನ್ನು ಸಾಕಲು ತೊಡಗಿ ಸಾವಿರ ವರ್ಷವಾದರೂ ಆಗಿದೆ ಎಂದು 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳುತ್ತದೆ. 1840ರಲ್ಲಿ ಸಯಾಮಿನ ಮೂರನೆಯ ರಾಮ ದೊರೆಯ ಕಡೆಯಿಂದ ಬಂದ ಕೆಲವು ಮೀನುಗಳು ಥಿಯೋಡರ್ ಕ್ಯಾಂಟರ್ ಎಂಬ ವೈದ್ಯನ ಕೈ ಸೇರಿದವು. ಆತ 1849ರಲ್ಲಿ ಬರೆದ ವಿವರಣೆಯಲ್ಲಿ ಇದನ್ನು ಬೇರೊಂದು ಜಾತಿಯ ಲೆಕ್ಕಕ್ಕೆ ಹಾಕಿದ್ದ. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಈಗಿನ ಹೆಸರು ಬಂದದ್ದು 1910ರಲ್ಲಿ, ಟೇಟ್ ರೀಗನ್‌ನಿಂದ. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು.

ಅಂಗೈಯಗಲದ ಬಾಟಲಿಯಲ್ಲಿ ಇದು ಬದುಕುವುದಕ್ಕೆ ಕಾರಣ ತಲೆಯೊಳಗೆ, ಕಿವಿರಿನ ಮೇಲ್ಗಡೆ ಇರುವ ಸುರುಳಿಸುರುಳಿಯಾದ ಒಂದು ಅಂಗ. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಒಳಗೆಳೆದುಕೊಂಡರೆ ಆ ಸುರುಳಿಯ ರಕ್ತನಾಳಗಳು ಆಮ್ಲಜನಕ ಹೀರುತ್ತವೆ. ನೀರಿನ ಆಮ್ಲಜನಕ ಬತ್ತಿದರೂ ಇದು ಸಾಯುವುದಿಲ್ಲ. ವ್ಯಾಪಾರ ಇದನ್ನೇ ಹಿಡಿದುಕೊಂಡು, ಫೈಟರಿಗೆ ಬಾಟಲಿ ಸಾಕು ಎಂಬ ಮಾತನ್ನು ಊರೂರಿಗೆ ಹಂಚಿತು. ಗಾಳಿ ಮೇಲಿನಿಂದ ಬಂದೀತು, ಹೊಲಸು ಎಲ್ಲಿಗೆ ಹೋದೀತು?

ಮೀನಿನ ಕಿವಿರಿನಿಂದಲೂ ಹಿಕ್ಕೆಯಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಕೆರೆಯಲ್ಲಿ ತಳದ ಕೆಸರು, ಕಲ್ಲು, ಪಾಚಿಗೆ ಅಂಟಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡಿ, ಕೊನೆಗೆ ಗಿಡಗಳ ಗೊಬ್ಬರವಾಗಿಸುತ್ತವೆ. ಮೊದಲೆರಡೂ ವಿಷ, ಮೂರನೆಯದು ಕಡಿಮೆ ಅಪಾಯದ್ದು. ಹೂಮೀನಿನ ಕೆರೆಗೆ ಈ ಸೈನ್ಯ ಬಿಟ್ಟಿಯಾಗಿ ದಕ್ಕಿತ್ತು. ಗಾಜಿನ ತೊಟ್ಟಿಯಲ್ಲಿ ಅದನ್ನು ಬೆಳೆಸಿಕೊಳ್ಳಬೇಕು. ಸ್ಪಂಜಿನ ಫಿಲ್ಟರಿನಲ್ಲಿ, ಜಲ್ಲಿಯಲ್ಲಿ ಅದು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಗಸಗಸ ತೊಳೆದರೆ ಬ್ಯಾಕ್ಟೀರಿಯಾವೂ ತೊಳೆದು ಹೋಗುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿದರೆ ಸಾಕು. ಒಂದು ಫೈಟರಿಗೆ ಇಪ್ಪತ್ತು ಲೀಟರು ನೀರು, ವಾರಕ್ಕೊಮ್ಮೆ ಕಾಲು ಭಾಗದ ಬದಲಾವಣೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಪೂರ್ತಿ ನೀರು ಚೆಲ್ಲಿ, ತೊಟ್ಟಿ ತಿಕ್ಕಿ ತೊಳೆದು ಹೊಸದಾಗಿ ತುಂಬುವ ಮನೆಗಳಲ್ಲೇ ಮೀನು ಹೆಚ್ಚು ಸಾಯುವುದು.

ಉಳಿದದ್ದು ಸ್ಥಳೀಯ ಸಂಗತಿ. ಫೈಟರಿಗೆ ಬೇಕಾದ 25ರಿಂದ 28 ಡಿಗ್ರಿ ಶಾಖ ಕುಂದಾಪುರ, ಬ್ರಹ್ಮಾವರಗಳಲ್ಲಿ ವರ್ಷದ ಬಹುಪಾಲು ತಾನಾಗಿಯೇ ಸಿಗುತ್ತದೆ; ಹೀಟರು ಬೇಕಾಗುವುದು ಅಪರೂಪ. ಬಾವಿಯ ಮೆದು, ತುಸು ಹುಳಿ ನೀರು ಅದರ ಹುಟ್ಟೂರಿನ ಜೌಗಿಗೆ ಹತ್ತಿರದ್ದು. ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ; ಬಕೆಟ್ಟಿನಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಸರಿಹೋಗುತ್ತದೆ. ಸುಣ್ಣದಂಶ ತೀರಾ ಕಡಿಮೆ ಇರುವುದರಿಂದ ತೊಟ್ಟಿಯ ಹುಳಿ ದಿನಕಳೆದಂತೆ ಏರುತ್ತದೆ, ಪಿಎಚ್ ಆರಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಮಂಕಾಗುತ್ತದೆ. ಅದಕ್ಕೆ ಮದ್ದು ಹೊಳೆದಂಡೆಯಲ್ಲೇ ಇದೆ. ಚೆನ್ನಾಗಿ ತೊಳೆದು ಕುದಿಸಿದ ಒಂದೆರಡು ಚಿಪ್ಪಿನ ತುಂಡು ಫಿಲ್ಟರಿನ ಬಳಿ ಇಟ್ಟರೆ ಅದು ನಿಧಾನಕ್ಕೆ ಕರಗಿ ಹುಳಿಯನ್ನು ತಡೆಹಿಡಿಯುತ್ತದೆ. ಥಾಯ್ಲೆಂಡಿನ ಸಾಕಣೆಗಾರರು ತೊಟ್ಟಿಗೆ ಹಾಕುವ ಒಣಗಿದ ಕಾಡುಬಾದಾಮಿ ಎಲೆಯೂ ಇಲ್ಲಿ ಕಡಲಂಚಿನ ಶಾಲೆಗಳ ಅಂಗಳದಲ್ಲಿ ಬಿದ್ದಿರುತ್ತದೆ. ನೀರಿಗೆ ಚಹದ ಕಣ್ಣಿನ ಬಣ್ಣ ಬರುತ್ತದೆ. ಎಲೆಯ ಟ್ಯಾನಿನ್‌ಗಳು ಶಿಲೀಂಧ್ರವನ್ನು ಸ್ವಲ್ಪ ದೂರ ಇಡುತ್ತವೆ ಎಂಬುದು ಸಾಕುವವರ ಅನುಭವ.

ಅಪಾಯದ ಕಾಲ ಎರಡು. ಒಂದು ಏಪ್ರಿಲ್, ಮೇ; ಹೊಳೆಯಂಚಿನ ಬಾವಿಗಳಿಗೆ ಉಪ್ಪು ಇಳಿಯುವ ತಿಂಗಳು. ಫೈಟರ್ ತುಸು ಉಪ್ಪನ್ನು ತಾಳಿಕೊಳ್ಳುತ್ತದೆ, ಆದರೆ ವಾರದಿಂದ ವಾರಕ್ಕೆ ಏರುಪೇರಾಗುವ ಉಪ್ಪನ್ನಲ್ಲ. ಇನ್ನೊಂದು ಮಳೆಗಾಲ. ನೆರೆನೀರು ಬಾವಿಗೆ ಇಳಿದರೆ ಕಾಯಿಲೆ ಹಬ್ಬದಿರಲೆಂದು ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಕುಡಿಯುವವರಿಗೆ ಅದು ರಕ್ಷೆ, ಮೀನಿನ ಕಿವಿರಿಗೆ ಬೆಂಕಿ. ಎರಡು ದಿನ ನೀರು ಸೇದಿಡದೆ ಕಾಯಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಹಾಕಬೇಕು.

ಫೈಟರಿನ ನೆಂಟ ಇಲ್ಲೇ ಇದ್ದಾನೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಪಶ್ಚಿಮ ಕರಾವಳಿಯ ಗದ್ದೆಕಾಲುವೆ, ಹುಲ್ಲು ತುಂಬಿದ ಹೊಂಡಗಳಲ್ಲಿ ಸ್ಯೂಡೊಸ್ಫ್ರೊಮೆನಸ್ ಎಂಬ ಬೆರಳುದ್ದದ ಮೀನು ಸಿಗುತ್ತದೆ. ಅದೂ ಗಾಳಿ ನುಂಗುತ್ತದೆ. ಅದರ ಗಂಡೂ ಬಾಯಿಂದ ಗುಳ್ಳೆ ಬಿಟ್ಟು ತೇಲುವ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಸೀತಾ ನದಿಯ ಘಟ್ಟದ ತೊರೆಯಿಂದ 2010ರಲ್ಲಿ ಬೆಟಾಡೆವಾರಿಯೊ ರಾಮಚಂದ್ರನಿ ಎಂಬ ಮೀನು ವಿಜ್ಞಾನಕ್ಕೆ ಹೊಸ ಜಾತಿಯಾಗಿ ಮಾತ್ರವಲ್ಲ, ಹೊಸ ಕುಲವಾಗಿಯೇ ಸೇರಿತು. ಇಂಥವು ಅಂಗಡಿಗೆ ಬರಬೇಕೆ ಎಂಬ ಪ್ರಶ್ನೆಗೆ ಒಂದು ಹಳೆಯ ಉದಾಹರಣೆ ಎದುರಿಗಿದೆ. ಕೇರಳದ ಹೊಳೆಗಳ ಕೆಂಪುಗೆರೆಯ ಡೆನಿಸನ್ ಮೀನು 1997ರಲ್ಲಿ ಸಿಂಗಾಪುರದ ಅಕ್ವೇರಿಯಂ ಮೇಳದಲ್ಲಿ ಬಹುಮಾನ ಗಳಿಸಿತು. ಆಮೇಲೆ ಹೊರದೇಶಗಳಿಗೆ ಹೊಳೆಯಿಂದಲೇ ಹಿಡಿದು ಕಳಿಸಿದ್ದರಿಂದ ಕೆಲವೆಡೆ ಅದು ಅಪರೂಪವಾಯಿತು.

ತದ್ವಿರುದ್ಧ ದಾರಿಯೂ ಅಷ್ಟೇ ತೆರೆದಿದೆ. ಸಾಕಲು ಬೇಸರವಾದಾಗ ಮೀನನ್ನು ಮದಗಕ್ಕೋ ದೇವಸ್ಥಾನದ ಕೆರೆಗೋ ಸುರಿದು ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. ಗಾಜು ನೆಕ್ಕಿ ಚೊಕ್ಕ ಮಾಡಲೆಂದು ಕೊಂಡ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹಾಗೆಯೇ ಹೊರಬಿದ್ದು ಕೇರಳ, ಆಂಧ್ರ, ಬಂಗಾಳದ ನೀರುಗಳಲ್ಲಿ ಈಗ ಸಂಸಾರ ಹೂಡಿದೆ. ಮುಳ್ಳುಮೈಯ ಅದು ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ, ಹಿಡಿದವನಿಗೆ ಸಂತೆಯಲ್ಲಿ ಮೂರು ಕಾಸೂ ಹುಟ್ಟುವುದಿಲ್ಲ.